ಫೆಲಿಕ್ಸನ ಹೆಸರಿನಲ್ಲಿ ಒಂದು ಸ್ವರ

ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅಮೆರಿಕದ ಕಂಟ್ರಿ ಹಾಡಿನ ಹುಚ್ಚು ಯಾವಾಗ ಹಿಡಿಯಿತೋ ದೇವರೇ ಬಲ್ಲ. ಕುದುರೆಯನ್ನು ಹತ್ತಿರದಿಂದ ನೋಡಿದವರಿಲ್ಲ, ದನ ಅಟ್ಟಿಕೊಂಡು ಬಾ ಎಂದರೆ ಮೂತಿ ತಿರುಗಿಸುವವರೇ ಎಲ್ಲ. ಆದರೆ ಮದುವೆಯ ಊಟ ಮುಗಿದು ಯಾರಾದರೂ ಗಿಟಾರು ಎತ್ತಿಕೊಂಡರೆ ಸಾಕು, ಕೌಬಾಯ್ ಟೋಪಿ ಎಲ್ಲಿಂದಲೋ ಹೊರಗೆ ಬರುತ್ತದೆ. ದುಬೈಗೆ ಬಂದ ಮೇಲೂ ಈ ರೋಗ ವಾಸಿಯಾಗಲಿಲ್ಲ. ಬೆಂಕಿಯಂಥ ಸೆಕೆಯಲ್ಲಿ ಚರ್ಮದ ಬೂಟು, ಚರ್ಮದ ಕೋಟು ಹಾಕಿಕೊಂಡು ಸ್ಟೇಜಿನ ಮೇಲೆ ಊರು ನೆನೆದು ಅಳುವ ಗಂಡಸರನ್ನು ನೋಡಿ ನಾನು ಎಷ್ಟೋ ಸಲ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕಿದ್ದೇನೆ. ನಾನು ನ್ಯಾನ್ಸಿ. ಅಲ್ ಬರ್ಷಾದ ಒಂದು ಆಫೀಸಿನಲ್ಲಿ ಕೆಲಸ, ಜೆಬೆಲ್ ಅಲಿ ಇಗರ್ಜಿಯ ಕೊಂಕಣಿ ಕೊಯರ್‌ನಲ್ಲಿ ಸೆಕೆಂಡ್ ವಾಯ್ಸ್ ಹಾಡುತ್ತೇನೆ. ನನ್ನ ನಾಲಿಗೆ ಉದ್ದ ಎಂದು ಕೊಯರ್‌ನವರೆಲ್ಲ ಹೇಳುತ್ತಾರೆ, ಹೇಳಲಿ. ಡಿಕ್ಸನ್ ಮಥಾಯಸ್‌ನ ವಿಷಯ ಬಂದಾಗ ಮಾತ್ರ ನನಗೆ ನಗು ಬರುವುದಿಲ್ಲ.

ಡಿಕ್ಸನ್ ಶಿರ್ವದವನು. ನಮ್ಮ ಆಫೀಸಿನ ಹಿಂದಿನ ಬೀದಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಶಿಯನ್. ಹಿಂದಿಯಲ್ಲಿ, ಮಲಯಾಳದಲ್ಲಿ, ಹರಕು ಅರಬ್ಬಿಯಲ್ಲಿ ಜನರಿಗೆ ಉಸಿರು ಹಿಡಿಯಿರಿ, ಉಸಿರು ಬಿಡಿ ಎಂದು ಹೇಳುವುದು ಅವನ ದಿನದ ಕೆಲಸ. ಮಾತಾಡಿದರೆ ಪಕ್ಕದವರಿಗೂ ಕೇಳಿಸದಷ್ಟು ಮೆತ್ತಗಿನ ಮನುಷ್ಯ. ಇಲ್ಲಿ ಆಗ ವಾರದ ರಜೆ ಶುಕ್ರವಾರ, ಭಾನುವಾರದ ಪೂಜೆಯೂ ಅಂದೇ ಆಗುತ್ತಿತ್ತಲ್ಲ, ಆ ಪೂಜೆಯಲ್ಲಿ ಅವನು ಕೀರ್ತನೆ ಎತ್ತಿಕೊಂಡರೆ ಮಾತ್ರ ಬೇರೆಯೇ ಮನುಷ್ಯನಾಗುತ್ತಿದ್ದ. ನಮ್ಮ ಎದೆಯೊಳಗೆ ಯಾರೋ ಕುರ್ಚಿ ಎಳೆದುಕೊಂಡು ಕುಳಿತ ಹಾಗಾಗುತ್ತಿತ್ತು. ತನ್ನ ಹೆಸರಿನಲ್ಲಿ ಒಂದು ಆಲ್ಬಮ್ ಬರಬೇಕು ಎಂಬ ಆಸೆ ಅವನಿಗಿತ್ತು. ಅದನ್ನು ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ, ಆದರೆ ಕೊಯರ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು.

ಫೆಲಿಕ್ಸ್ ಲೋಬೊ ಅವನಿಗೆ ತದ್ವಿರುದ್ಧ. ಅಬುಧಾಬಿಯ ಆಚೆ ತುದಿಯ ರುವೈಸ್‌ನಲ್ಲಿ ರಿಫೈನರಿಯ ಕೆಲಸ, ಕಂಪೆನಿಯ ಮನೆ, ಹೆಂಡತಿ ಮಗ್ದಲೀನ್, ಇನ್ನೂ ಶಾಲೆಗೆ ಹೋಗದ ಮಗಳು ಲವಿಟಾ. ಗಲ್ಫಿನ ಕೊಂಕಣಿಯವರಿಗೆಲ್ಲ ಅವನು ಕೌಬಾಯ್ ಫೆಲಿಕ್ಸ್. ಅವನ ಸ್ವರ ದೊಡ್ಡದೇನಲ್ಲ, ಆದರೆ ಸ್ಟೇಜಿಗೆ ಬಂದು ಟೋಪಿ ಓರೆ ಮಾಡಿದರೆ ಮುದುಕಿಯರೂ ಸಿಳ್ಳೆ ಹಾಕುತ್ತಿದ್ದರು. ಶಿಫ್ಟಿನ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅವನು ಕೊಂಕಣಿಯಲ್ಲಿ ಹತ್ತು ಹಾಡು ಬರೆದಿದ್ದ. ಅದರಲ್ಲಿ ಮಗಳಿಗಾಗಿ ಬರೆದದ್ದು ಒಂದು. ನಾನು ಬರುವಾಗ ನೀನು ನಿದ್ದೆಯಲ್ಲಿ, ಹೊರಡುವಾಗಲೂ ನಿದ್ದೆಯಲ್ಲಿ, ಅಪ್ಪನ ಮುಖ ಮರೆಯಬೇಡ ಚಿನ್ನಾ ಎಂಬಂಥ ಮಾತುಗಳು. ಆಲ್ಬಮ್‌ಗೆ ‘ರುವೈಸ್ ರೋಡ್’ ಎಂದು ಹೆಸರಿಟ್ಟಿದ್ದ. ಅಮೆರಿಕದವರಿಗೆ ರೈಲು ಇದ್ದರೆ ನಮಗೆ ಕಂಪೆನಿ ಬಸ್ಸು ಉಂಟು ಎಂದು ಅವನೇ ತಮಾಷೆ ಮಾಡುತ್ತಿದ್ದ. ಇದು ಎರಡು ಸಾವಿರದ ಹತ್ತರ ಮಾತು.

ರೆಕಾರ್ಡಿಂಗ್ ನಡೆದದ್ದು ಹಳೇ ದುಬೈಯ ದೇರಾದಲ್ಲಿ, ಮುಹ್ಸಿನ್‌ನ ಸ್ಟುಡಿಯೋದಲ್ಲಿ. ಮುಹ್ಸಿನ್ ಭಟ್ಕಳದ ನವಾಯತ ಮನೆತನದವನು. ಅವರದು ಕಂಬಳಿ, ಪರದೆ ಬಟ್ಟೆಗಳ ವ್ಯಾಪಾರ. ಗೋದಾಮಿನ ಅಟ್ಟದಲ್ಲಿ ಅವನು ಜಾಹೀರಾತಿನ ಸ್ವರ ರೆಕಾರ್ಡ್ ಮಾಡುತ್ತೇನೆಂದು ತಂದೆಗೆ ಹೇಳಿ ಒಂದು ಕೋಣೆ ಕಟ್ಟಿಕೊಂಡಿದ್ದ. ಗೋಡೆಗೆ ಹಚ್ಚಲು ಬೇಕಾದ ದುಬಾರಿ ಸಾಮಾನೆಲ್ಲ ಎಲ್ಲಿಂದ ತರುವುದು? ಮಾರಾಟವಾಗದೆ ಉಳಿದ ಹುಲಿ ಚಿತ್ರದ ಕಂಬಳಿಗಳನ್ನೇ ನಾಲ್ಕೂ ಗೋಡೆಗೆ ಹೊಡೆದಿದ್ದ. ಹಾಡುವವರು ಹುಲಿಗಳ ಮುಖ ನೋಡುತ್ತಾ ಹಾಡಬೇಕು. ಗೋದಾಮು ಶುಕ್ರವಾರ ಮುಚ್ಚಿರುತ್ತಿತ್ತು. ಜುಮ್ಮಾ ಮುಗಿಸಿ ಮುಹ್ಸಿನ್ ಬರುತ್ತಿದ್ದ, ಪೂಜೆ ಮುಗಿಸಿ ಡಿಕ್ಸನ್ ಹೋಗುತ್ತಿದ್ದ.

ಡಿಕ್ಸನ್‌ಗೆ ಅಲ್ಲಿ ಏನು ಕೆಲಸ ಎಂದರೆ, ಟ್ರ್ಯಾಕ್ ಹಾಡುವುದು. ನಮ್ಮಲ್ಲಿ ಆಲ್ಬಮ್ ಮಾಡುವ ಕ್ರಮವೇ ಹಾಗೆ. ಮಂಗಳೂರಿನಲ್ಲಿ ಮ್ಯೂಸಿಕ್ ಮಾಡಿ ಇಲ್ಲಿಗೆ ಕಳಿಸುತ್ತಾರೆ, ಅದರ ಮೇಲೆ ಒಬ್ಬ ಮೊದಲು ಪೂರ್ತಿ ಹಾಡಿಟ್ಟಿರುತ್ತಾನೆ, ಮುಖ್ಯ ಗಾಯಕ ಅದನ್ನು ಕೇಳಿ ಕಲಿತು, ಬಂದು ತನ್ನ ಸ್ವರದಲ್ಲಿ ಹಾಡಿ ಹೋಗುತ್ತಾನೆ. ಆಮೇಲೆ ಟ್ರ್ಯಾಕಿನವನ ಸ್ವರ ಅಳಿಸುತ್ತಾರೆ. ಶಿಫ್ಟು ಬಿಟ್ಟು ರುವೈಸ್‌ನಿಂದ ಪದೇ ಪದೇ ಬರುವುದು ಫೆಲಿಕ್ಸನಿಗೆ ಆಗದ ಮಾತು. ಹಾಗಾಗಿ ಡಿಕ್ಸನ್ ಹತ್ತೂ ಹಾಡು ಹಾಡಿಟ್ಟ. ಫೆಲಿಕ್ಸ್ ಅದನ್ನು ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು, ಅವನು ಎಲ್ಲಿ ಏರಿಸಿದ, ಎಲ್ಲಿ ಇಳಿಸಿದ ಎಂದು ಎಲ್ಲವನ್ನೂ ಹಾಗೆಯೇ ಕಲಿತ. ರಜೆ ಸಿಕ್ಕಾಗ ಬಂದು ನಾಲ್ಕು ಹಾಡು ಡಬ್ ಮಾಡಿದ. ಆ ನಾಲ್ಕು ಹಾಡಿನ ಹೊತ್ತಿಗೇ ಅವನ ಕೆಮ್ಮು ಜೋರಾಗಿತ್ತು.

ಸಿಗರೇಟಿನ ಕೆಮ್ಮು ಎಂದು ಎಲ್ಲರೂ ಬೈದೆವು. ಕೊನೆಗೆ ಡಾಕ್ಟರರ ಚೀಟಿ ಹಿಡಿದುಕೊಂಡು ಅವನು ಡಿಕ್ಸನ್‌ನ ಆಸ್ಪತ್ರೆಗೇ ಬಂದ. ಗೆಳೆಯನನ್ನು ಯಂತ್ರದ ಎದುರು ನಿಲ್ಲಿಸಿ, ಉಸಿರು ಹಿಡಿಯಿರಿ ಫೆಲಿಕ್ಸ್ ಬಾಬ್ ಎಂದು ಮರ್ಯಾದೆಯಿಂದ ಹೇಳಿದವನು ಡಿಕ್ಸನ್ನೇ. ಪರದೆಯ ಮೇಲೆ ಚಿತ್ರ ಬಂತು. ವರದಿ ಡಾಕ್ಟರರೇ ಹೇಳಬೇಕು, ಟೆಕ್ನಿಶಿಯನ್ ಬಾಯಿ ಬಿಡಬಾರದು. ಡಿಕ್ಸನ್ ಬಾಯಿ ಬಿಡಲಿಲ್ಲ. ಆದರೆ ಫೆಲಿಕ್ಸ್ ಶರಟಿನ ಗುಂಡಿ ಹಾಕುತ್ತಾ ಅವನ ಮುಖ ನೋಡಿದ.

“ಎಂತ ಮಾರಾಯಾ, ದೆವ್ವ ಕಂಡವನ ಹಾಗೆ ನಿಂತಿದ್ದಿ?” ಎಂದ.

“ಡಾಕ್ಟರ್ ಹೇಳ್ತಾರೆ.”

“ನಿನ್ನ ಮುಖ ಆಗಲೇ ಹೇಳಿಯಾಯ್ತಲ್ಲ.”

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಶ್ವಾಸಕೋಶದ ಕ್ಯಾನ್ಸರಿನ ಚಿಕಿತ್ಸೆಗೆ ಮಂಗಳೂರಿಗೆ ಹೋಗುವ ಮೊದಲು ಫೆಲಿಕ್ಸ್ ಹೆಂಡತಿಯನ್ನು ಕರೆದುಕೊಂಡು ದೇರಾದ ಅಟ್ಟಕ್ಕೆ ಬಂದ. ಮೆಟ್ಟಿಲು ಹತ್ತಲು ಅವನಿಗೆ ಆಗುತ್ತಿರಲಿಲ್ಲ, ಮುಹ್ಸಿನ್ ಕೈ ಹಿಡಿದು ಹತ್ತಿಸಿದನಂತೆ. ಕಂಬಳಿಯ ಹುಲಿಗಳ ನಡುವೆ ಕುಳಿತು ಫೆಲಿಕ್ಸ್ ಡಿಕ್ಸನ್‌ನನ್ನು ಕೇಳಿಕೊಂಡ.

“ಆರು ಹಾಡು ಬಾಕಿ ಉಂಟು ಡಿಕ್ಸಾ, ಮಗಳ ಹಾಡೂ ಅದರಲ್ಲೇ. ನನ್ನಿಂದ ಇನ್ನು ಆಗುವುದಿಲ್ಲ. ನಿನ್ನ ಸ್ವರವನ್ನು ಅಳಿಸದೆ ಹಾಗೆಯೇ ಬಿಡು. ಹೆಸರು ನನ್ನದಿರಲಿ.”

ಡಿಕ್ಸನ್ ಮೈಕಿನ ವೈರು ಸುತ್ತತೊಡಗಿದ.

“ನನ್ನ ಮಗಳಿಗೆ ನನ್ನದು ಅಂತ ಏನಾದ್ರೂ ಬೇಕಲ್ಲ. ಅರ್ಧ ಆಲ್ಬಮ್ ಕೊಟ್ಟು ಹೋಗಲಾ? ಮುಂದಿನ ಆಲ್ಬಮ್ ನಿನ್ನದು. ನಿನ್ನ ಹೆಸರು ಇಷ್ಟು ದೊಡ್ಡದಾಗಿ, ನನ್ನದು ಕೆಳಗೆ ಸಣ್ಣದಾಗಿ. ಆಯ್ತಾ?”

ಸಾಯುವ ಮನುಷ್ಯ ಹೀಗೆ ಕೇಳಿದರೆ ಯಾರಿಗೆ ಇಲ್ಲ ಎನ್ನಲು ಬಾಯಿ ಬರುತ್ತದೆ? ಡಿಕ್ಸನ್ ಆಯಿತು ಎಂದ. ಮಗ್ದಲೀನ್ ಅವನ ಎರಡೂ ಕೈ ಹಿಡಿದುಕೊಂಡು, ಮಗುವಿಗೆ ಯಾವತ್ತೂ ಗೊತ್ತಾಗಬಾರದು ಎಂದು ಮಾತು ತೆಗೆದುಕೊಂಡಳು. ಮಾತು ಕೊಟ್ಟ. ಈ ನಾಲ್ವರ ಹೊರತು ವಿಷಯ ಯಾರಿಗೂ ತಿಳಿಯಲಿಲ್ಲ.

ಆ ವರ್ಷ ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ ಮೊದಲೇ ಫೆಲಿಕ್ಸ್ ಮಂಗಳೂರಿನಲ್ಲಿ ತೀರಿಕೊಂಡ. ಆಲ್ಬಮ್ ಬಿಡುಗಡೆಯಾದದ್ದು ಮರುವರ್ಷ, ದುಬೈಯ ಒಂದು ಶಾಲೆಯ ಹಾಲಿನಲ್ಲಿ, ನಮ್ಮ ಸಂಘದವರ ಆಡಂಬರದಲ್ಲಿ. ಸ್ಟೇಜಿನ ಮೇಲೆ ಫೆಲಿಕ್ಸನ ಆಳೆತ್ತರದ ಫೋಟೋ, ಕುರ್ಚಿಯ ಮೇಲೆ ಅವನ ಟೋಪಿ. ಮುಖ್ಯ ಅತಿಥಿ ರಿಬ್ಬನ್ ಬಿಚ್ಚಿದರು, ಸಿ.ಡಿ. ಎತ್ತಿ ತೋರಿಸಿದರು. ಆಮೇಲೆ ದೀಪ ಆರಿಸಿ ಮಗಳ ಹಾಡು ಹಾಕಿದರು. ಆ ಕತ್ತಲಲ್ಲಿ ಸ್ವರ ಎದ್ದಾಗ ಹಾಲಿಗೆ ಹಾಲೇ ಅಳತೊಡಗಿತು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ. ಕೀರ್ತನೆಯಲ್ಲಿ ಮಾತ್ರ ಕೇಳಿ ಗೊತ್ತಿದ್ದ ಸ್ವರವನ್ನು ಫೆಲಿಕ್ಸನ ಫೋಟೋದ ಎದುರು ನಾನೂ ಗುರುತಿಸಲಿಲ್ಲ. ನನ್ನ ಪಕ್ಕದಲ್ಲಿ ಡಿಕ್ಸನ್ ಕುಳಿತಿದ್ದ. ಮುಂದಿನ ಸಾಲಿನಲ್ಲಿದ್ದ ಹಿರಿಯ ಹೆಂಗಸು ಸಾಲಿನ್ಸ್ ಬಾಯಿ ಹಿಂದೆ ತಿರುಗಿ, “ಸತ್ತ ಮನುಷ್ಯ ಎದ್ದು ಬಂದು ಕಿವಿಯಲ್ಲಿ ಹಾಡಿದ ಹಾಗೆ ಉಂಟಲ್ಲ ಡಿಕ್ಸನ್!” ಎಂದರು. ಅವನು ಹೌದು ಎಂದು ತಲೆ ಆಡಿಸಿದ. ದೀಪ ಹತ್ತಿದಾಗ ಅವನ ಮುಖ ಬಿಳಿಚಿಕೊಂಡಿತ್ತು, ಅದು ಗೆಳೆಯನ ದುಃಖದಿಂದ ಎಂದು ನಾನು ತಿಳಿದಿದ್ದೆ.

‘ರುವೈಸ್ ರೋಡ್’ ಮನೆಮನೆಗೆ ಹೋಯಿತು. ಜನ ಒಂದು ಮಾತು ಹೇಳುತ್ತಿದ್ದರು, ಅದನ್ನು ಈಗ ನೆನೆದರೆ ನನ್ನ ಮೈ ಜುಮ್ಮೆನ್ನುತ್ತದೆ. ನಾಲ್ಕು ಹಾಡಿನಲ್ಲಿ ಪಾಪ ಸ್ವರ ಬಳಲಿದೆ, ಆಗಲೇ ಕಾಯಿಲೆ ಇತ್ತಲ್ಲ. ಉಳಿದ ಆರರಲ್ಲಿ ನೋಡಿ, ಅದು ನಿಜವಾದ ಫೆಲಿಕ್ಸ್ ಎನ್ನುತ್ತಿದ್ದರು. ಫೆಲಿಕ್ಸ್ ತಾನೇ ಹಾಡಿದ ನಾಲ್ಕನ್ನು ಯಾರೂ ಎರಡನೇ ಸಲ ಹಾಕಲಿಲ್ಲ. ಎಲ್ಲ ಕಡೆ ಕೇಳಿಸುತ್ತಿದ್ದದ್ದು ಡಿಕ್ಸನ್‌ನ ಸ್ವರ, ಸತ್ತವನ ಹೆಸರಿನಲ್ಲಿ.

ಡಿಕ್ಸನ್ ಕರಾಮಾದ ಸಲೂನಿನಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ಕುಳಿತಿದ್ದಾಗ ಆ ಹಾಡು ಬರುತ್ತಿತ್ತು. ಮದುವೆಯ ಊಟದ ಮಧ್ಯೆ, ಈಗ ದಿವಂಗತ ಫೆಲಿಕ್ಸ್ ಬಾಬ್‌ರ ಹಾಡು ಎಂದು ಮೈಕಿನವನು ಕೂಗಿದರೆ ಇವನು ಕೈಯ ತುತ್ತು ಕೆಳಗಿಡುತ್ತಿದ್ದ. ಒಮ್ಮೆ ಮೆಟ್ರೋದಲ್ಲಿ ಪಕ್ಕದ ಸೀಟಿನ ಹುಡುಗಿಯೊಬ್ಬಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಳುತ್ತಿದ್ದಳಂತೆ, ಅದರ ಸಂದಿನಿಂದ ಹೊರಬರುತ್ತಿದ್ದದ್ದು ಇವನದೇ ದನಿ. ತಡೆಯಲಾಗದೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬಿಸಿಲಿನಲ್ಲಿ ಮನೆಯವರೆಗೂ ನಡೆದನಂತೆ.

ಇಗರ್ಜಿಯಲ್ಲಿ ಇನ್ನೂ ಕಷ್ಟವಾಯಿತು. ಅವನು ಕೀರ್ತನೆ ಎತ್ತಿಕೊಂಡರೆ ಜನ ತಿರುಗಿ ನೋಡತೊಡಗಿದರು. ಮುದುಕಿಯೊಬ್ಬಳು ಶಿಲುಬೆಯ ಗುರುತು ಮಾಡಿಕೊಂಡದ್ದನ್ನು ನಾನೇ ನೋಡಿದೆ. ಕೊಯರ್ ಮಾಸ್ಟರ್ ಅವನನ್ನು ಬದಿಗೆ ಕರೆದು, “ಫೆಲಿಕ್ಸನ ಮೇಲೆ ನಿನಗೆ ಪ್ರೀತಿ ಇದ್ದದ್ದು ಸರಿಯೇ. ಆದರೆ ಅವನ ಹಾಗೆ ಹಾಡುವುದು ಬಿಡು ಮಾರಾಯಾ, ಜನರಿಗೆ ಹೆದರಿಕೆ ಆಗ್ತದೆ,” ಎಂದರು. ಅವನು ಹಾಡುವುದನ್ನೇ ಬಿಟ್ಟ. ಪುಸ್ತಕ ಹಿಡಿದುಕೊಂಡು ನಮ್ಮ ಸಾಲಿನಲ್ಲೇ ನಿಲ್ಲುತ್ತಿದ್ದ, ತುಟಿ ಆಡಿಸುತ್ತಿದ್ದ, ಸ್ವರ ಹೊರಡುತ್ತಿರಲಿಲ್ಲ. ಆಸ್ಪತ್ರೆಯಲ್ಲೂ ದನಿ ಎತ್ತಲು ಹೆದರಿ ಪಿಸುಗುಟ್ಟತೊಡಗಿದ. ಯಾವಾಗ ಉಸಿರು ಹಿಡಿಯಬೇಕೆಂದು ಜನರಿಗೆ ಕೇಳಿಸದೆ ಚಿತ್ರಗಳು ಮಸುಕಾಗಿ, ಮೇಲಿನವರಿಂದ ಬೈಸಿಕೊಂಡ.

ನವೆಂಬರಿನಲ್ಲಿ ಸತ್ತವರ ಹಬ್ಬದ ಪೂಜೆಗೆ ಮೃತರ ಹೆಸರುಗಳನ್ನು ಆಲ್ತಾರಿನಿಂದ ಓದುತ್ತಾರೆ. ಒಂದು ವರ್ಷ, ಫೆಲಿಕ್ಸ್ ಲೋಬೊ ಎಂದು ಪಾದ್ರಿಗಳು ಓದಿದಾಗ, ನನ್ನ ಪಕ್ಕದಲ್ಲಿ ಮೊಣಕಾಲೂರಿದ್ದ ಡಿಕ್ಸನ್ ಎದ್ದು ನಿಂತುಬಿಟ್ಟ. ಕ್ಲಾಸಿನಲ್ಲಿ ಹಾಜರಿ ಕರೆದರೆ ಮಕ್ಕಳು ಏಳುತ್ತಾರಲ್ಲ, ಹಾಗೆ. ಇಡೀ ಇಗರ್ಜಿ ಮೊಣಕಾಲ ಮೇಲೆ, ಇವನೊಬ್ಬ ನಿಂತಿದ್ದಾನೆ. ನಾನು ಶರಟು ಹಿಡಿದು ಜಗ್ಗಿದೆ. ಹೊರಗೆ ಬಂದ ಮೇಲೆ, ನಿದ್ದೆ ತೂಗಿತು ಎಂದ.

ಇಷ್ಟರಲ್ಲಿ ಮಗ್ದಲೀನ್ ಮಗಳನ್ನು ಕಟ್ಟಿಕೊಂಡು ಊರಿನಿಂದ ದುಬೈಗೆ ಬಂದಿದ್ದಳು. ಗಂಡ ಹೋದ ಮೇಲೆ ಕಂಪೆನಿಯ ಮನೆ ಹೋಯಿತು, ಅವನ ಹೆಸರಿನ ಮೇಲಿದ್ದ ವೀಸಾವೂ ಹೋಯಿತು. ಒಂದು ಶಾಲೆಯ ರಿಸೆಪ್ಶನ್ನಿನಲ್ಲಿ ಕೆಲಸ ಹಿಡಿದು, ಅಲ್ ಬರ್ಷಾದಲ್ಲಿ ನನ್ನ ಫ್ಲ್ಯಾಟಿಗೇ ಶೇರಿಂಗ್‌ಗೆ ಬಂದಳು. ನನ್ನ ಕೋಣೆಗೂ ಅವರ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಪಾರ್ಟಿಶನ್. ಲವಿಟಾ ಅಪ್ಪನ ಹಾಡು ಹಾಕದೆ ಹೋಮ್‌ವರ್ಕ್ ಮಾಡುತ್ತಿರಲಿಲ್ಲ, ಊಟ ಮಾಡುತ್ತಿರಲಿಲ್ಲ. ಹಾಡಿನ ಜೊತೆಗೆ ಮಾತಾಡುತ್ತಿದ್ದಳು. ಇವತ್ತು ಮ್ಯಾತ್ಸ್‌ನಲ್ಲಿ ಫುಲ್ ಮಾರ್ಕ್ಸ್ ಪಪ್ಪಾ ಎನ್ನುತ್ತಿದ್ದಳು, ಆಮೇಲೆ ಉತ್ತರಕ್ಕೆ ಕಾದವಳಂತೆ ಸುಮ್ಮನಿರುತ್ತಿದ್ದಳು.

“ಆ ನಾಲ್ಕು ಹಾಡು ಯಾಕೆ ಹಾಕುವುದಿಲ್ಲ ಮಗಾ?” ಎಂದು ಒಮ್ಮೆ ಕೇಳಿದೆ.

“ಆಂಟಿ, ಇನ್ ದೋಸ್ ಪಪ್ಪಾಗೆ ಹುಷಾರಿಲ್ಲ. ಅದು ಪಪ್ಪಾನ ಹಾಗೆ ಕೇಳುವುದಿಲ್ಲ. ಐ ಡೋಂಟ್ ಲೈಕ್ ಇಟ್.”

ಅಡುಗೆಮನೆಯಲ್ಲಿ ಮೀನು ತೊಳೆಯುತ್ತಿದ್ದ ಮಗ್ದಲೀನ್ ಕೈಯ ಮೀನು ಸಿಂಕಿನಲ್ಲೇ ಬಿಟ್ಟು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಬಂದಾಗ ಕಣ್ಣು ಕೆಂಪಾಗಿತ್ತು. ಮಗು ಆಡಲು ಕೆಳಗಿಳಿದ ಮೇಲೆ ನನಗೆ ಎಲ್ಲವನ್ನೂ ಹೇಳಿದಳು. “ನನ್ನ ಗಂಡನ ಸ್ವರ ಆ ನಾಲ್ಕರಲ್ಲಿ ಮಾತ್ರ ಉಳಿದಿರುವುದು, ನ್ಯಾನ್ಸಿ. ಮಗಳಿಗೆ ಅದೇ ಬೇಡ. ನನಗೆ ಕೇಳಬೇಕು ಅನ್ನಿಸಿದರೆ ಶಾಲೆಯಲ್ಲಿ ಕೂತು ಕೇಳಿ ಬರ್ತೇನೆ,” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಸತ್ತವನ ಮೇಲೂ ಸಿಟ್ಟು, ಇವಳ ಮೇಲೂ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಆ ಬಾಯಿಲ್ಲದ ಡಿಕ್ಸನ್‌ನ ಮೇಲೆ. ಮರುದಿನವೇ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವನನ್ನು ಹಿಡಿದೆ.

“ನಿನಗೆ ಮರ್ಲ್ ಹಿಡಿದಿದೆಯಾ? ನಿನ್ನ ಸ್ವರ ನಿನ್ನದು ಅಂತ ಹೇಳಲಿಕ್ಕೆ ಎಂತ ಕಷ್ಟ?”

ಅವನು ಚಹಾದ ಕಪ್ಪು ಬದಿಗೆ ಸರಿಸಿದ. ಆಮೇಲೆ ಮೆಲ್ಲಗೆ ಹೇಳಿದ. “ಹೇಳಿದರೆ ಆ ಮಗುವಿಗೆ ಅಪ್ಪ ಇನ್ನೊಮ್ಮೆ ಸಾಯ್ತಾನೆ. ಹೇಳದೆ ಇದ್ದರೆ... ನ್ಯಾನ್ಸಿ, ಕೆಲವೊಮ್ಮೆ ಸತ್ತದ್ದು ಯಾರು ಅಂತ ನನಗೇ ಡೌಟ್ ಬರ್ತದೆ. ಮನೆಯಲ್ಲಿ ಒಬ್ಬನೇ ಇದ್ದಾಗಲೂ ಹಾಡಲಿಕ್ಕೆ ಆಗುವುದಿಲ್ಲ. ಬಾಯಿ ತೆರೆದರೆ ಅವನು ಬಂದ ಅಂತ ಅನ್ನಿಸ್ತದೆ.”

ವರ್ಷಗಳು ಹಾಗೆಯೇ ಹೋದವು. ಡಿಕ್ಸನ್ ನಮ್ಮ ಮನೆಗೆ ಊಟಕ್ಕೆ ಬರುತ್ತಿರಲಿಲ್ಲ. ಕ್ರಿಸ್ಮಸಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಕೊಡಲು ಬಂದರೂ ಬಾಗಿಲಲ್ಲೇ ನಿಂತು, ಒಳಗಿನಿಂದ ಹಾಡು ಕೇಳಿದರೆ ಲಿಫ್ಟಿನ ಕಡೆಗೆ ತಿರುಗಿಬಿಡುತ್ತಿದ್ದ.

ಎರಡು ಸಾವಿರದ ಹದಿನೆಂಟರಲ್ಲಿ ನಮ್ಮ ಸಂಘದವರಿಗೆ ಹೊಸ ಹುಚ್ಚು ಹತ್ತಿತು. ವಾರ್ಷಿಕೋತ್ಸವದಲ್ಲಿ ಲವಿಟಾ ತನಗಾಗಿ ಬರೆದ ಆ ಹಾಡನ್ನು ಅಪ್ಪನ ಜೊತೆ ಯುಗಳಗೀತೆಯಾಗಿ ಹಾಡಬೇಕು. ಸ್ಪೀಕರಿನಲ್ಲಿ ಅಪ್ಪನ ಸ್ವರ, ಸ್ಟೇಜಿನಲ್ಲಿ ಮಗಳು, ಹಿಂದೆ ಪರದೆಯ ಮೇಲೆ ಅವನ ಫೋಟೋ. ಹುಡುಗಿ ಕುಣಿದಾಡಿದಳು. ಅವಳಿಗೆ ಆಗ ಹನ್ನೆರಡು, ಸ್ವರ ಚೆನ್ನಾಗಿ ಮಾಗಿತ್ತು. ಆದರೆ ಸಿ.ಡಿ.ಯಲ್ಲಿ ಆ ಹಾಡಿಗೆ ಬೇರೆ ಗಂಡಸರ ಕೋರಸ್ ಸೇರಿತ್ತು. ಸ್ವರ ಮಾತ್ರ ಬಿಡಿಯಾಗಿ ಬೇಕಿತ್ತು, ಅದು ಮುಹ್ಸಿನ್‌ನ ಹಾರ್ಡ್ ಡಿಸ್ಕ್ ಕೆಟ್ಟಾಗ ಹೋಗಿತ್ತು. ಮ್ಯೂಸಿಕ್ ಮಂಗಳೂರಿನಿಂದ ತರಿಸಬಹುದು, ಸ್ವರ ಎಲ್ಲಿಂದ? ಮುಹ್ಸಿನ್ ಡಿಕ್ಸನ್‌ಗೆ ಫೋನ್ ಮಾಡಿದ. ಗುಟ್ಟಾಗಿ ಬಂದು ಮತ್ತೊಮ್ಮೆ ಹಾಡಿಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ.

ಡಿಕ್ಸನ್ ಆ ಸಂಜೆ ನಮ್ಮ ಕಟ್ಟಡದ ಕೆಳಗೆ ಬಂದು ಮಗ್ದಲೀನ್‌ಳನ್ನು ಕರೆಸಿದ. ನಾನೂ ಜೊತೆಗೆ ಇಳಿದೆ. ಅಷ್ಟು ನೇರವಾಗಿ ಅವನು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ಹಾಡ್ತೇನೆ ಮಗ್ದಲೀನ್ ಬಾಯಿ. ಆದರೆ ಹಾಡಿದ ಮೇಲೆ ಲವಿಟಾಗೆ ನಾನೇ ಹೇಳ್ತೇನೆ. ಸ್ಟೇಜಿಗೆ ಹತ್ತುವ ಮೊದಲು ಅವಳಿಗೆ ಗೊತ್ತಿರಬೇಕು. ಇನ್ನು ನನ್ನಿಂದ ಆಗುವುದಿಲ್ಲ. ನನಗೆ ನನ್ನ ಸ್ವರ ಬೇಕು.”

ಮಗ್ದಲೀನ್ ತಲೆ ಎತ್ತಿ ನಮ್ಮ ಫ್ಲ್ಯಾಟಿನ ಕಿಟಕಿ ನೋಡಿದಳು. “ಸರಿ,” ಎಂದಳು. “ಅವಳಿಗೂ ಬುದ್ಧಿ ಬಂತು. ನೀನೇ ಹೇಳು. ನಾನು ಅಡ್ಡ ಬರುವುದಿಲ್ಲ.” ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಶುಕ್ರವಾರ ಡಿಕ್ಸನ್ ಮೊದಲೇ ಹೋಗಿ ಹಾಡಿ ಮುಗಿಸಬೇಕು, ನಾವು ಸಂಜೆ ಹೊತ್ತಿಗೆ ಹುಡುಗಿಯನ್ನು ಪ್ರ್ಯಾಕ್ಟೀಸಿಗೆಂದು ಕರೆದುಕೊಂಡು ಹೋಗಬೇಕು, ಆಗ ಅವನು ಹೇಳಬೇಕು. ಹೀಗೆ ಮಾತಾಗಿತ್ತು. ಆ ದಿನ ರಸ್ತೆ ಖಾಲಿ ಇತ್ತು, ನನ್ನ ಕಾರು ಬೇಗನೆ ದೇರಾ ತಲುಪಿತು. ತಾಯಿ ಮಗಳಿಗಿಂತ ಮುಂದಾಗಿ ಅಟ್ಟದ ಮೆಟ್ಟಿಲು ಹತ್ತಿದ ನನಗೆ ಒಳಗಿನಿಂದ ಮುಹ್ಸಿನ್‌ನ ಮಾತು ಕೇಳಿಸಿತು.

“ಮಾಫಿ, ಡಿಕ್ಸನ್ ಭಾಯ್. ಮ್ಯಾಚ್ ಆಗ್ತಾ ಇಲ್ಲ. ಮಧ್ಯಾಹ್ನದಿಂದ ಎಷ್ಟು ಸಲ ಆಯ್ತು. ಸ್ವರ ಬೇರೆ ಆಗಿದೆ, ದಪ್ಪ ಆಗಿದೆ. ಫೆಲಿಕ್ಸ್ ಭಾಯ್‌ಗೆ ವಯಸ್ಸಾಗಲಿಲ್ಲ, ನಿಮಗೆ ಆಯ್ತು. ಕೇಳಿದವರಿಗೆ ಗೊತ್ತಾಗ್ತದೆ.”

ಬಾಗಿಲ ಗಾಜಿನಲ್ಲಿ ನೋಡಿದೆ. ಡಿಕ್ಸನ್ ಮೈಕಿನ ಎದುರು ನಿಂತಿದ್ದ. ಇಷ್ಟು ವರ್ಷ ಹಾಡದೆ ಇಟ್ಟ ಸ್ವರ ಕೊನೆಗೂ ಅವನೊಬ್ಬನದೇ ಆಗಿತ್ತು, ಮತ್ತು ಅದು ಯಾರಿಗೂ ಬೇಕಿರಲಿಲ್ಲ. ಮುಹ್ಸಿನ್ ಮತ್ತೊಮ್ಮೆ ಮ್ಯೂಸಿಕ್ ಬಿಟ್ಟ. ಡಿಕ್ಸನ್ ಹಾಡಿದ. ನಾನು ಹಳೆಯದಕ್ಕಿಂತ ಇದೇ ಚೆನ್ನ ಎನ್ನುತ್ತೇನೆ. ಅದರಲ್ಲಿ ಏನೋ ಒಡೆದು ಮತ್ತೆ ಕೂಡಿಕೊಂಡ ಹಾಗಿತ್ತು. ಹಾಡು ಮುಗಿಯುವ ಮೊದಲೇ ಹಿಂದಿನಿಂದ ಬಂದ ಲವಿಟಾ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ನಾವೂ ಹಿಂದೆಯೇ ಹೋದೆವು.

ಮುಹ್ಸಿನ್ ತಡವರಿಸಿ, “ಅಂಕಲ್ ನಿನ್ನ ಪ್ರ್ಯಾಕ್ಟೀಸಿಗೆ ಟ್ರ್ಯಾಕ್ ಹಾಡ್ತಾ ಇದ್ದಾರೆ,” ಎಂದ.

ಮಗ್ದಲೀನ್ ಡಿಕ್ಸನ್‌ನನ್ನು ನೋಡಿ, ಆಗಲಿ ಎಂಬಂತೆ ಮೆಲ್ಲಗೆ ತಲೆ ಆಡಿಸಿದಳು. ಡಿಕ್ಸನ್ ಹೆಡ್‌ಫೋನ್ ತೆಗೆದ. “ಲವಿಟಾ, ಇಲ್ಲಿ ಬಾ ಮಗಾ. ನಿನ್ನ ಹತ್ತಿರ ಒಂದು ಮಾತು ಹೇಳಲಿಕ್ಕೆ ಉಂಟು.”

ಹುಡುಗಿ ಹತ್ತಿರ ಹೋಗಿ ಅವನ ಮುಖವನ್ನೇ ನೋಡಿದಳು.

“ಮೊದಲು ನಾನು ಹೇಳ್ತೇನೆ ಅಂಕಲ್. ಡೋಂಟ್ ಫೀಲ್ ಬ್ಯಾಡ್, ಓಕೆ? ಯು ಸಿಂಗ್ ನೈಸ್. ಬಟ್ ಪಪ್ಪಾ ಹೀಗೆ ಹಾಡುವುದಿಲ್ಲ.” ಅವಳು ಮೈಕಿನ ಹತ್ತಿರ ಸರಿದು ನಿಂತಳು. “ನೀವು ಇಲ್ಲಿ ಅಳ್ತೀರಿ. ಪಪ್ಪಾ ಅಳುವುದಿಲ್ಲ. ಅಪ್ಪನ ಮುಖ ಮರೆಯಬೇಡ ಅಂತ ಬರ್ತದಲ್ಲ, ಅಲ್ಲಿ ಪಪ್ಪಾ ಸ್ಮೈಲ್ ಮಾಡ್ತಾರೆ. ಕಾಣುವುದಿಲ್ಲ, ಆದರೆ ಕೇಳ್ತದೆ. ನನಗೆ ಪಪ್ಪಾನ ಮುಖ ನೆನಪಿಲ್ಲ ಅಂಕಲ್, ಫೋಟೋ ಮಾತ್ರ. ಆದರೆ ಈ ಸ್ಮೈಲ್ ಗೊತ್ತುಂಟು. ತೋರಿಸಲಾ?”

ಅವಳು ಹಾಡಿ ತೋರಿಸಿದಳು. ಒಂದೊಂದು ತಿರುವೂ ಅದೇ, ಒಂದೊಂದು ನಿಲುಗಡೆಯೂ ಅದೇ. ಎಂಟು ವರ್ಷದ ಹಿಂದೆ ಆ ಕಂಬಳಿ ಕೋಣೆಯಲ್ಲಿ, ತನ್ನದೂ ಒಂದು ಆಲ್ಬಮ್ ಬರುತ್ತದೆಂಬ ಖುಷಿಯಲ್ಲಿ ಒಬ್ಬ ಎಳೆಯ ಮನುಷ್ಯ ಹೇಗೆ ಹಾಡಿದ್ದನೋ ಹಾಗೆ. ಆ ನಗು ಡಿಕ್ಸನ್‌ನದು. ಅದು ಅವಳೊಬ್ಬಳ ಹತ್ತಿರ ಮಾತ್ರ ಉಳಿದಿತ್ತು.

“ಈಗ ನೀವು,” ಎಂದಳು.

ಡಿಕ್ಸನ್ ಬಾಯಿ ತೆರೆದ. ಏನನ್ನೋ ಹೇಳಲು ತೆರೆದದ್ದು ಎಂದು ನನಗೆ ಗೊತ್ತು, ಮಗ್ದಲೀನ್‌ಗೂ ಗೊತ್ತು. ಅವಳು ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹೇಳಿಬಿಡು ಮಾರಾಯಾ ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಅವನು ಹಾಡಿದ. ಮೊದಲ ಸಲ ಸರಿಯಾಗಲಿಲ್ಲ, ಹುಡುಗಿ ತಲೆ ಅಲ್ಲಾಡಿಸಿ ತಡೆದಳು. ಇನ್ನೊಮ್ಮೆ ತೋರಿಸಿದಳು. ಅವನು ಅವಳ ಮುಖವನ್ನೇ ನೋಡುತ್ತಾ, ಅವಳು ನಕ್ಕಲ್ಲಿ ನಗುತ್ತಾ, ಸಾಲು ಸಾಲಾಗಿ ಕಲಿತ. ಮುಹ್ಸಿನ್ ಕಣ್ಣೊರೆಸಿಕೊಂಡು ರೆಕಾರ್ಡಿಂಗ್ ಶುರು ಮಾಡಿದ.

“ಯೆಸ್!” ಎಂದು ಲವಿಟಾ ಚಪ್ಪಾಳೆ ತಟ್ಟಿದಳು. “ಮಮ್ಮಾ, ಕೇಳಿತಾ? ಈಗ ಪಪ್ಪಾ ಬಂದರು!” ಆಮೇಲೆ ಏನೋ ನೆನಪಾಗಿ ಅವನ ಕಡೆ ತಿರುಗಿದಳು. “ಸಾರಿ ಅಂಕಲ್, ನಿಮಗೆ ಏನೋ ಹೇಳಲಿಕ್ಕೆ ಇತ್ತಲ್ಲ?”

“ಏನಿಲ್ಲ ಮಗಾ,” ಎಂದ ಡಿಕ್ಸನ್. “ಎರಡನೇ ಚರಣ ಪಪ್ಪಾ ಹೇಗೆ ಹಾಡ್ತಿದ್ದರು ಅಂತ ಕೇಳುವ ಅಂತ.”